ಮಾಂಸಾಹಾರ ಬಿಟ್ಟರೆ ಮೈತೂಕ ಇಳಿಯುವುದೆ?



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆ, ಹೆರಿಗೆಗಳ ನಡುವಣ ಅಂತರ ಇವೇ ನಿಮ್ಮ ನೆನಪಿಗೆ ಬರುವುದು ಸಹಜ. ಆದರೆ ಸಂಸಾರದ ಬಂಡಿಯನ್ನು ಎಳೆಯುವ ಗಂಡ ಹೆಂಡಿರಿಬ್ಬರ ದೇಹವೂ ಗಟ್ಟಿಯಾಗಿರಬೇಕೆಂಬುದು ಅಷ್ಟೇ ಮುಖ್ಯವಾದ ವಿಷಯ. ಬೊಜ್ಜು, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ ಇವು ಪೇಟೆಯವರ ಕಾಯಿಲೆಗಳೆಂದು ಹೇಳುತ್ತಿದ್ದ ಕಾಲ ಕಳೆದುಹೋಗಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ೧೫ರಿಂದ ೪೯ ವರ್ಷದೊಳಗಿನ ಪ್ರತಿ ಹತ್ತು ಮಂದಿ ಮಹಿಳೆಯರಲ್ಲಿ ಸುಮಾರು ಮೂವರು ಮಿತಿಮೀರಿದ ತೂಕದವರೆಂದು ಕಂಡುಬಂದಿತು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಆದುದರಿಂದಲೇ ಆರೋಗ್ಯ ಕೇಂದ್ರಕ್ಕೆ ಬರುವ ಅನೇಕರು, “ಮಾಂಸ, ಮೊಟ್ಟೆ ಬಿಟ್ಟುಬಿಟ್ಟರೆ ಮೈ ಇಳಿಯುತ್ತದೆಯೆ?” ಎಂದು ಕೇಳುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾಂಸ ಬಿಟ್ಟ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. ಬಿಟ್ಟ ಮಾಂಸದ ಜಾಗಕ್ಕೆ ತಟ್ಟೆಯಲ್ಲಿ ಏನು ಬಂದಿತು, ದಿನದ ಒಟ್ಟು ಊಟ ಎಷ್ಟಾಯಿತು, ಅದಕ್ಕೆ ತಕ್ಕ ದುಡಿಮೆ ನಡೆಯಿತೆ ಎಂಬುದರ ಮೇಲೆ ತೂಕ ನಿಂತಿದೆ.

ಇದಕ್ಕೆ ದೂರದ ಪ್ರಮಾಣವೇನೂ ಬೇಕಾಗಿಲ್ಲ. ನಮ್ಮಲ್ಲಿ ಮಾಂಸ ತಿನ್ನುವ ಅನೇಕ ಮನೆತನಗಳು ಶ್ರಾವಣ ಮಾಸದಲ್ಲಿ ಅದನ್ನು ಮುಟ್ಟುವುದಿಲ್ಲ. ಬಿಟ್ಟವರ ಮೈ ಇಳಿಯುವುದಾಗಿದ್ದರೆ ಗೌರಿ ಹಬ್ಬದ ಹೊತ್ತಿಗೆ ಊರಿಗೆ ಊರೇ ಸಣ್ಣಗಾಗಬೇಕಿತ್ತು! ಹಾಗೆ ಆಗುವುದಿಲ್ಲ. ನಾಗರ ಪಂಚಮಿಯ ಉಂಡೆ, ವರಮಹಾಲಕ್ಷ್ಮಿಯ ಹೋಳಿಗೆ, ಶನಿವಾರದ ಫಲಾಹಾರವೆಂಬ ಹೆಸರಿನಲ್ಲಿ ಉಪ್ಪಿಟ್ಟು, ಅವಲಕ್ಕಿ, ಬೋಂಡ ಇವೆಲ್ಲವೂ ಸಸ್ಯಾಹಾರವೇ. ದೇಹವು ಮಡಿ ಮೈಲಿಗೆಯನ್ನು ನೋಡಿ ಕೊಬ್ಬನ್ನು ಕೂಡಿಡುವುದಿಲ್ಲ.

ಆಹಾರವು ದೇಹಕ್ಕೆ ಉರುವಲಿದ್ದಂತೆ. ಅದು ಕೊಡುವ ಶಕ್ತಿಯನ್ನು ಕ್ಯಾಲೊರಿ ಎಂಬ ಅಳತೆಯಿಂದ ಎಣಿಸುತ್ತಾರೆ. ಒಂದು ಗ್ರಾಂ ಹಿಟ್ಟಿನ ಅಂಶ ಅಥವಾ ಸಕ್ಕರೆ ೪ ಕ್ಯಾಲೊರಿ ಕೊಡುತ್ತದೆ. ಪ್ರೋಟೀನ್ ಎಂದು ಕರೆಯುವ ಸಸಾರಜನಕವೂ ೪. ಎಣ್ಣೆ, ತುಪ್ಪ, ಕೊಬ್ಬು ೯. ದುಡಿಮೆಯಲ್ಲಿ ಖರ್ಚಾಗದೆ ಮಿಕ್ಕದ್ದು, ಅನ್ನದಿಂದ ಬಂದಿರಲಿ ಮಾಂಸದಿಂದ ಬಂದಿರಲಿ, ಕೊಬ್ಬಾಗಿ ಹೊಟ್ಟೆ ಸೊಂಟಗಳಲ್ಲಿ ಶೇಖರವಾಗುತ್ತದೆ.

ಈಗ ನಿಮ್ಮ ಮನೆಯ ಲೆಕ್ಕವನ್ನೇ ನೋಡೋಣ. ಚರ್ಮ ತೆಗೆದ ಕೋಳಿಮಾಂಸ ೧೦೦ ಗ್ರಾಮಿನಲ್ಲಿ ಸುಮಾರು ೧೨೦ ಕ್ಯಾಲೊರಿ ಇದೆ. ಬೇಯಿಸಿದ ಒಂದು ಮೊಟ್ಟೆಯಲ್ಲಿ ಸುಮಾರು ೭೦. ಹಳ್ಳಿಯ ಅನೇಕ ಮನೆಗಳಲ್ಲಿ ಮಾಂಸ ಮಾಡುವುದು ವಾರಕ್ಕೊಮ್ಮೆ. ಅದನ್ನು ಬಿಟ್ಟರೆ ವಾರಕ್ಕೆ ಉಳಿಯುವುದು ನೂರಿಪ್ಪತ್ತೋ ಇನ್ನೂರೋ ಕ್ಯಾಲೊರಿ. ಇನ್ನು ಚಹದ ವಿಚಾರ. ಎರಡು ಚಮಚ ಸಕ್ಕರೆ ಹಾಕಿದ ಚಹವನ್ನು ದಿನಕ್ಕೆ ನಾಲ್ಕು ಸಲ ಕುಡಿದರೆ ಬರಿಯ ಸಕ್ಕರೆಯಿಂದಲೇ ೧೬೦ ಕ್ಯಾಲೊರಿ. ವಾರಕ್ಕೆ ೧,೧೦೦ಕ್ಕೂ ಮಿಗಿಲು. ಭಾನುವಾರದ ಕೋಳಿಯನ್ನು ಬಿಟ್ಟು ಚಹವನ್ನು ಹಾಗೆಯೇ ಉಳಿಸಿಕೊಂಡವರು ಸಣ್ಣ ಸಾಲವನ್ನು ತೀರಿಸಿ ದೊಡ್ಡ ಸಾಲವನ್ನು ಮರೆತಂತಾಯಿತು.

ಮಾಂಸದ ಅಡುಗೆಯಲ್ಲಿ ಮೈ ಬೆಳೆಸುವ ಅಂಶವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೊಬ್ಬು ತುಂಬಿದ ಕುರಿಮಾಂಸ, ಚರ್ಮ ಸಹಿತವಾದ ಕೋಳಿ, ಎಣ್ಣೆಯಲ್ಲಿ ಕರಿದ ತುಂಡುಗಳು ಖಂಡಿತವಾಗಿ ಭಾರವಾದ ಆಹಾರ. ಅದಕ್ಕೆ ರುಬ್ಬಿ ಹಾಕುವ ಹಸಿ ತೆಂಗಿನ ತುರಿ ೫೦ ಗ್ರಾಮಿನಲ್ಲೇ ಸುಮಾರು ೨೦೦ ಕ್ಯಾಲೊರಿ ಇದೆ. ಊಟದ ಚಮಚ ತುಂಬ ಎಣ್ಣೆಯಲ್ಲಿ ಸುಮಾರು ೧೨೦. ಸಾರು ರುಚಿಯಾಯಿತೆಂದು ಎರಡು ಪಟ್ಟು ಅನ್ನ, ಕೆಲವು ಯಜಮಾನರಿಗೆ ಅದರ ಜೊತೆಗೆ ಮದ್ಯ, ಆಮೇಲೆ ಮಧ್ಯಾಹ್ನದ ನಿದ್ರೆ! ತಪ್ಪೆಲ್ಲವೂ ಪಾಪದ ಕೋಳಿಯ ತಲೆಗೆ.

ಪಾಶ್ಚಾತ್ಯ ದೇಶಗಳಲ್ಲಿ ಮಾಂಸ ಬಿಟ್ಟವರ ತೂಕ ಸ್ವಲ್ಪ ಇಳಿದಿರುವುದನ್ನು ವಿಜ್ಞಾನಿಗಳು ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಅದು ಸುಳ್ಳಲ್ಲ. ಆದರೆ ಅಲ್ಲಿ ಅನೇಕರು ದಿನವೂ, ದಿನಕ್ಕೆರಡು ಸಲವೂ ಮಾಂಸ ತಿನ್ನುವವರು; ಅದನ್ನು ಬಿಟ್ಟು ತರಕಾರಿ, ಕಾಳು, ತೌಡು ತೆಗೆಯದ ಧಾನ್ಯಗಳನ್ನು ತಿಂದಾಗ ಅವರ ಒಟ್ಟು ಆಹಾರದ ಶಕ್ತಿ ಕಡಿಮೆಯಾಯಿತು. ವಾರಕ್ಕೊಮ್ಮೆ ಎರಡು ತುಂಡು ತಿನ್ನುವ ನಮಗೆ ಆ ಲೆಕ್ಕ ಒಗ್ಗುವುದಿಲ್ಲ.

ಇಲ್ಲಿ ಗಂಡಂದಿರು ಗಮನವಿಟ್ಟು ಕೇಳಬೇಕಾದ ಮಾತೊಂದಿದೆ. ಅದೇ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ ಇದೇ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಮೈ ದಪ್ಪಗಿದ್ದ ಮಾತ್ರಕ್ಕೆ ರಕ್ತ ಚೆನ್ನಾಗಿದೆಯೆಂದು ತಿಳಿಯಬಾರದು. ದಪ್ಪ ಮೈಯೂ ರಕ್ತಹೀನತೆಯೂ ಒಬ್ಬಳಲ್ಲಿಯೇ ಕೂಡಿರಬಹುದು. ಮಾಂಸ ಮೀನುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ಬಿ-೧೨ ಎಂಬ ಜೀವಸತ್ವ ನಮಗೆ ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರುಗಳಿಂದ ದೊರೆಯುತ್ತದೆ. ಸೊಪ್ಪು ಕಾಳುಗಳಿಂದ ಅದು ಸಿಕ್ಕದು. ನಮ್ಮ ಅನೇಕ ಮನೆಗಳಲ್ಲಿ ಯಜಮಾನಿ ಎಲ್ಲರ ಊಟ ಮುಗಿದ ಮೇಲೆ ಕೂರುತ್ತಾಳೆ. ಅವಳ ಪಾಲಿಗೆ ಬರುವುದು ತಳದ ಸಾರು, ಮೂಳೆ. ಹಾಲು ಡೇರಿಗೆ ಹೋಗಿರುತ್ತದೆ. ಹೀಗಿರುವಾಗ “ನೀನು ದಪ್ಪಗಾಗಿದ್ದೀಯೆ, ಮೊಟ್ಟೆ ಬಿಡು” ಎಂದು ಹೇಳಿದರೆ, ಅವಳಿಗೆ ಸಿಕ್ಕುತ್ತಿದ್ದ ಅಷ್ಟಿಷ್ಟು ಪುಷ್ಟಿಯನ್ನೂ ಕಿತ್ತುಕೊಂಡಂತೆ. ತಟ್ಟೆಯಲ್ಲಿ ಉಳಿಯುವುದು ಅನ್ನವೇ, ಹಸಿವು ಬೇಗ ಮರಳುತ್ತದೆ, ಮತ್ತಷ್ಟು ಅನ್ನ.

ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ತೂಕ ಇಳಿಸುವ ಪಥ್ಯಕ್ಕೆ ಕೈಹಾಕಲೇಬಾರದು. ಮಗುವಿಗೆ ಹಾಲೂಡಿಸುವ ಮೊದಲ ಆರು ತಿಂಗಳಲ್ಲಿ ತಾಯಿಗೆ ದಿನಕ್ಕೆ ಸುಮಾರು ೬೦೦ ಕ್ಯಾಲೊರಿ ಹೆಚ್ಚಾಗಿಯೇ ಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಮೈ ಊದುತ್ತದೆಂಬ ಮಾತೂ ನಮ್ಮ ಕಿವಿಗೆ ಬೀಳುತ್ತಿರುತ್ತದೆ. ಆ ಚಿಕಿತ್ಸೆ ನಾಳವನ್ನು ಮುಚ್ಚುವುದೇ ಹೊರತು ಕೊಬ್ಬನ್ನು ಬೆಳೆಸುವುದಿಲ್ಲ.

ಧರ್ಮಶ್ರದ್ಧೆಯಿಂದಲೋ ಪ್ರಾಣಿದಯೆಯಿಂದಲೋ ಮಾಂಸ ಬಿಡಬಯಸುವವರು ಸಂತೋಷವಾಗಿ ಬಿಡಬಹುದು. ಆರೋಗ್ಯಕ್ಕೆ ಕೊರತೆಯಿಲ್ಲದಂತೆ ಸಸ್ಯಾಹಾರದಲ್ಲಿಯೇ ಬಾಳಬಹುದು. ಆದರೆ ಬಿಟ್ಟ ಜಾಗವನ್ನು ಅನ್ನದಿಂದ ತುಂಬಬಾರದು. ಹುರುಳಿ, ಹೆಸರು, ಅವರೆ, ಅಲಸಂದೆ, ಕಡಲೆ ಇವುಗಳಲ್ಲಿ ಯಾವುದಾದರೊಂದು ಎರಡು ಹೊತ್ತೂ ಇರಲಿ. ಹಾಲು ಅಥವಾ ಮೊಸರು ದಿನವೂ ಬೇಕು, ಹೆಂಡತಿಗೂ ಬೇಕು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಊಟದೊಡನೆ ಚಹ ಕುಡಿದರೆ ಕಡಿಮೆ ದಕ್ಕುತ್ತದೆ.

ಹಾಗಾದರೆ ತೂಕ ಇಳಿಸುವ ಬಗೆ ಹೇಗೆ? ನಿಮ್ಮ ತಂದೆ ತಾಯಿಯರ ದಿನಚರಿಯನ್ನು ನೆನೆದುಕೊಳ್ಳಿ. ನೇಗಿಲ ಹಿಂದೆ ನಡೆಯುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು, ರಾಗಿ ಬೀಸುತ್ತಿದ್ದರು, ಸಂತೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ಈಗ ಟ್ರ್ಯಾಕ್ಟರ್ ಬಂದಿದೆ, ನಲ್ಲಿ ಬಂದಿದೆ, ಗಿರಣಿ ಬಂದಿದೆ, ಮನೆಬಾಗಿಲಲ್ಲಿ ಮೋಟಾರ್ ಸೈಕಲ್ ನಿಂತಿದೆ. ಇವು ಬಂದುದು ಒಳ್ಳೆಯದೇ. ಬೀಸುಕಲ್ಲಿನ ಮುಂದೆ ಸವೆದ ಹೆಂಗಸರ ತೋಳುಗಳನ್ನು ಕಂಡವರಾರೂ ಆ ಕಾಲ ಮರಳಲೆಂದು ಬಯಸರು. ಆದರೆ ಮುದ್ದೆಯ ಗಾತ್ರ ಮಾತ್ರ ಅಂದಿನದೇ ಆಗಿದೆ. ೧೦೦ ಗ್ರಾಂ ರಾಗಿಹಿಟ್ಟಿನಲ್ಲಿ ೩೨೦ ಕ್ಯಾಲೊರಿಗೂ ಮಿಗಿಲಾದ ಶಕ್ತಿಯಿದೆ. ಎರಡು ಮುದ್ದೆ ಉಣ್ಣುವವರು ಒಂದೂವರೆಗೆ ಇಳಿಸಿ, ಆ ಅರ್ಧದ ಜಾಗಕ್ಕೆ ಸೊಪ್ಪು, ತರಕಾರಿ, ಕಾಳು ಬಡಿಸಿಕೊಳ್ಳಲಿ. ನಾಲ್ಕು ಮಂದಿಯ ಸಂಸಾರಕ್ಕೆ ತಿಂಗಳಿಗೆ ಎಣ್ಣೆ ಮೂರು ಲೀಟರು ಮೀರದಿರಲಿ. ಕೋಳಿಯ ಚರ್ಮ ತೆಗೆಸಿ, ಕರಿಯದೆ ಸಾರು ಮಾಡಿ. ಹೊಲಕ್ಕೆ ಹೋಗುವ ದಾರಿಯನ್ನು ಒಂದು ಹೊತ್ತಾದರೂ ನಡೆದು ಸಾಗಿಸಿ.

ತೂಕ ಇಳಿಸುವ ಅಗತ್ಯವಿದೆಯೆ ಎಂಬುದನ್ನು ಮೊದಲು ತಿಳಿಯಬೇಕು. ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ನೋಡಿ: ಹೆಂಗಸರಿಗೆ ೮೦ ಸೆಂಟಿಮೀಟರ್, ಗಂಡಸರಿಗೆ ೯೦ ಸೆಂಟಿಮೀಟರ್ ದಾಟಿದ್ದರೆ ಇಳಿಸುವುದು ಒಳ್ಳೆಯದು. ೧೫೦ ಸೆಂಟಿಮೀಟರ್ ಎತ್ತರದ ಹೆಂಗಸಿನ ತೂಕ ೪೨ ಕಿಲೊಗಿಂತ ಕಡಿಮೆಯಿದ್ದರೆ ಅವಳು ತೂಕವನ್ನು ಹೆಚ್ಚಿಸಿಕೊಳ್ಳಬೇಕೇ ಹೊರತು ಇಳಿಸಬಾರದು. ಮೂವತ್ತು ವರ್ಷ ತುಂಬಿದ ದಂಪತಿಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಇವೆರಡನ್ನೂ ಪರೀಕ್ಷಿಸಿಕೊಳ್ಳಲಿ. ಹೆಂಡತಿಯ ರಕ್ತದ ಪರೀಕ್ಷೆಯೂ ಅಂದೇ ಆಗಲಿ. ಏನನ್ನೂ ಬಿಡದೆ, ಯಾವ ಪ್ರಯತ್ನವನ್ನೂ ಮಾಡದೆ ಮೈ ತಾನಾಗಿಯೇ ಇಳಿಯುತ್ತಿದ್ದರೆ ಹಿಗ್ಗಬೇಡಿ. ಅದು ಸಕ್ಕರೆ ಕಾಯಿಲೆಯೋ ಕ್ಷಯವೋ ಇರಬಹುದು; ಕೂಡಲೇ ವೈದ್ಯರನ್ನು ಕಾಣಿ.

ಪಥ್ಯ ಆರಂಭಿಸಿದವರು ತಿಂಗಳಿಗೆ ಎರಡು ಕಿಲೊ ಇಳಿದರೆ ಸಾಕೆಂದುಕೊಳ್ಳಿ. ಪ್ರತಿ ಸಲವೂ ಅದೇ ತಕ್ಕಡಿಯಲ್ಲಿ, ಬೆಳಗಿನ ಹೊತ್ತು, ಉಣ್ಣುವ ಮುನ್ನ ತೂಗಿಸಿಕೊಳ್ಳಿ. ಇಬ್ಬರ ತೂಕವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಎದುರು ಬರೆದಿಡಿ.