ಪಂಚಾಯತಿ ತಂತ್ರಾಂಶ: ದುರಸ್ತಿಯೇ, ಬದಲಾವಣೆಯೇ?

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮಸಭೆಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: "ಸರ್ವರ್ ಸರಿಯಿಲ್ಲ, ಈ ತಂತ್ರಾಂಶವನ್ನೇ ಬದಲಿಸಿ." ನಮೂನೆ-9 ದೊರೆಯದೆ ಗೃಹಸಾಲ ನಿಂತುಹೋದ ಕುಟುಂಬಕ್ಕೆ, ಪಾವತಿಸಿದ ತೆರಿಗೆಯನ್ನೇ ಮತ್ತೆ ಬಾಕಿ ಎಂದು ಕಂಡ ಮನೆಯವರಿಗೆ ಈ ಸಿಟ್ಟು ಸಹಜ. ಆದರೆ ಬದಲಾವಣೆಯಿಂದ ಅವರ ಕಷ್ಟ ತೀರುವುದೇ ಎಂಬುದನ್ನು ಪರಿಶೀಲಿಸದೆ ನಿರ್ಣಯ ಕೈಗೊಳ್ಳುವುದು ಸೂಕ್ತವಲ್ಲ.

ತೆರಿಗೆ ಹಾಗೂ ಸಭಾ ನಡವಳಿಗೆ ಪಂಚತಂತ್ರ, ಆಸ್ತಿ ನಮೂನೆಗಳಿಗೆ ಇ-ಸ್ವತ್ತು, ಯೋಜನೆ ಹಾಗೂ ಹಣಕಾಸು ಆಯೋಗದ ಅನುದಾನದ ಲೆಕ್ಕಕ್ಕೆ 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮಸ್ವರಾಜ್: ಹೀಗೆ ಪಂಚಾಯತಿ ಕಚೇರಿಯ ಆಡಳಿತ ಹಲವು ತಂತ್ರಾಂಶಗಳನ್ನು ಅವಲಂಬಿಸಿದೆ. ತೊಂದರೆ ಉಂಟಾದಾಗ ದೋಷವು ನಾಲ್ಕು ಕಡೆಗಳಲ್ಲಿ ಇರಬಹುದು.

ಮೊದಲನೆಯದು ಸಂಪರ್ಕ. ಮಳೆಗಾಲದಲ್ಲಿ ಕಾರ್ಕಳದ ಘಟ್ಟದ ತಪ್ಪಲಿನ ಗ್ರಾಮಗಳಲ್ಲಿ ವಿದ್ಯುತ್ ಕಡಿತ, ಸಿಡಿಲಿಗೆ ಸುಟ್ಟ ಮೋಡೆಮ್. ಕಾಪುವಿನ ಕಡಲಬದಿಯಲ್ಲಿ ಉಪ್ಪುಗಾಳಿಗೆ ಹಿಡಿದ ತುಕ್ಕು. ಎರಡನೆಯದು ದತ್ತಾಂಶ: ಹಳೆಯ ವಹಿಯಿಂದ ನಮೂದಿಸುವಾಗ ತಪ್ಪಿದ ಸರ್ವೆ ನಂಬರು, ಮೃತರ ಹೆಸರಿನಲ್ಲೇ ಉಳಿದ ಆಸ್ತಿ. ಮೂರನೆಯದು ಬಳಕೆ: ಡಾಟಾ ಎಂಟ್ರಿ ಆಪರೇಟರ್ ಒಬ್ಬರಿಗಷ್ಟೇ ಕೆಲಸ ತಿಳಿದಿದ್ದು, ಅವರು ರಜೆಯಲ್ಲಿದ್ದರೆ ಎಲ್ಲವೂ ಸ್ಥಗಿತ. ನಾಲ್ಕನೆಯದು ಮಾತ್ರ ತಂತ್ರಾಂಶದ ದೋಷ: ಸಂಪರ್ಕ, ದಾಖಲೆ, ಸಿಬ್ಬಂದಿ ಎಲ್ಲವೂ ಸರಿಯಿದ್ದರೂ ಲೆಕ್ಕ ತಪ್ಪುವುದು, ಅಥವಾ ತಿದ್ದುಪಡಿಯಾದ ನಿಯಮಕ್ಕೆ ಅದರಲ್ಲಿ ಅವಕಾಶವೇ ಇಲ್ಲದಿರುವುದು.

ಹೆಂಚು ಒಡೆದರೆ ಹೆಂಚು ಬದಲಿಸುತ್ತಾರೆ. ಪಕ್ಕಾಸಿಗೆ ಗೆದ್ದಲು ಹಿಡಿದರೆ ಮಾಡನ್ನೇ ಇಳಿಸುತ್ತಾರೆ. ಗೆದ್ದಲು ಹಿಡಿದ ಪಕ್ಕಾಸನ್ನೇ ಹೊಸ ಮಾಡಿಗೆ ಏರಿಸುವವರಿಲ್ಲ. ತಪ್ಪು ದತ್ತಾಂಶವನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸಿದರೆ ಆಗುವುದು ಅದೇ.

ಬದಲಾವಣೆಯ ಹೊರೆ ಎಷ್ಟೆಂಬುದಕ್ಕೆ ಮಣಿಪಾಲದ ಉದಾಹರಣೆ ಎಲ್ಲರಿಗೂ ತಿಳಿದಿದೆ. ಅಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ಎರಡೂ ಬ್ಯಾಂಕುಗಳ ಮೂಲ ತಂತ್ರಾಂಶ ಒಂದೇ ಬಗೆಯದಾಗಿತ್ತು. ಆದರೂ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ಸುಮಾರು 15 ತಿಂಗಳು ಚಾಲ್ತಿಯಲ್ಲಿದ್ದು, 2021ರ ಜುಲೈ 1ರಿಂದಷ್ಟೇ ರದ್ದಾದವು. ಹಳೆಯ ಸಂಕೇತವಿದ್ದ ಪ್ರತಿಯೊಂದು ಕಡತವನ್ನೂ ತಿದ್ದಬೇಕಾಯಿತು. ಹೊಸದು ಬಂದರೂ ಹಳೆಯದನ್ನು ಕೆಲಕಾಲ ಜೊತೆಗೆ ಉಳಿಸಿಕೊಳ್ಳಬೇಕು ಎಂಬುದೇ ಇದರ ಪಾಠ.

ಆದ್ದರಿಂದ ಸದಸ್ಯರು ಈ ಕ್ರಮವನ್ನು ಅನುಸರಿಸಬಹುದು:

1. ಒಂದು ತಿಂಗಳ ಕಾಲ ಕಚೇರಿಯಲ್ಲಿ ವಹಿಯೊಂದನ್ನಿಟ್ಟು, ಪ್ರತಿ ತೊಂದರೆಯ ದಿನಾಂಕ, ಸಮಯ, ಪರದೆಯಲ್ಲಿ ಕಂಡ ಸಂದೇಶ ಹಾಗೂ ಮೇಲಿನ ನಾಲ್ಕರಲ್ಲಿ ಅದು ಯಾವುದೆಂಬುದನ್ನು ಬರೆಸುವುದು.

2. ಪ್ರತಿ ವಾರ್ಡಿನಿಂದ ಹತ್ತು ಆಸ್ತಿಗಳನ್ನು ಆಯ್ದು, ತಂತ್ರಾಂಶದಲ್ಲಿರುವ ಬೇಡಿಕೆ, ವಸೂಲಿ, ಬಾಕಿಯನ್ನು ರಶೀದಿ ಹಾಗೂ ವಹಿಯೊಂದಿಗೆ ತಾಳೆ ನೋಡುವುದು.

3. ಸಂಪರ್ಕ, ದತ್ತಾಂಶ, ಬಳಕೆಯ ದೋಷಗಳನ್ನು ಪಂಚಾಯತಿ ಹಂತದಲ್ಲೇ ಸರಿಪಡಿಸುವುದು. ಕನಿಷ್ಠ ಇಬ್ಬರು ಸಿಬ್ಬಂದಿಗೆ ಪ್ರತಿಯೊಂದು ಕೆಲಸದ ತಿಳಿವಳಿಕೆ ಇರಲಿ.

4. ಉಳಿದವು ಮಾತ್ರ ತಂತ್ರಾಂಶದ ದೋಷಗಳು. ಇವುಗಳ ಅಧಿಕಾರ ಇಲಾಖೆಯದು. ಪುರಾವೆಯೊಂದಿಗೆ ನಿರ್ಣಯ ಕೈಗೊಂಡು ತಾಲೂಕು ಪಂಚಾಯತಿಯ ಮೂಲಕ ಕಳುಹಿಸುವುದು. "ಸರ್ವರ್ ಸರಿಯಿಲ್ಲ" ಎಂಬ ಒಂದು ಸಾಲಿನ ದೂರಿಗಿಂತ, ದಿನಾಂಕ ಸಹಿತವಾದ ಇಪ್ಪತ್ತು ನಮೂದುಗಳಿಗೆ ತೂಕ ಹೆಚ್ಚು.

5. ಹೊಸ ತಂತ್ರಾಂಶ ಬಂದಲ್ಲಿ, ಹಳೆಯದರ ಬಾಕಿಪಟ್ಟಿಯನ್ನು ಮುದ್ರಿಸಿ, ದೃಢೀಕರಿಸಿ ಕಾಯ್ದಿಡುವುದು.

ತಂತ್ರಾಂಶ ಹಳೆಯದೋ ಹೊಸದೋ ಎಂಬುದು ಗ್ರಾಮಸ್ಥರಿಗೆ ಮುಖ್ಯವಲ್ಲ. ಕಟ್ಟಿದ ತೆರಿಗೆ ಜಮೆಯಾಗಿರಬೇಕು, ಆಸ್ತಿ ಸರಿಯಾದ ಹೆಸರಿನಲ್ಲಿರಬೇಕು, ಕೇಳಿದ ನಮೂನೆ ಕಾಲಕ್ಕೆ ಸಿಗಬೇಕು. ಈ ಮೂರನ್ನು ಅಳತೆಗೋಲಾಗಿಟ್ಟು ನೋಡಿದರೆ ದುರಸ್ತಿ ಬೇಕೋ, ಬದಲಾವಣೆ ಬೇಕೋ ಎಂಬುದು ಸದಸ್ಯರಿಗೇ ಸ್ಪಷ್ಟವಾಗುತ್ತದೆ.