ತೊಟ್ಟಿಲಿಗೆ ಬಂದ ಪಾಠಶಾಲೆ



ಮಗುವಿಗೆ ಇನ್ನೂ ಹಲ್ಲು ಮೂಡಿರುವುದಿಲ್ಲ. ಅಷ್ಟರಲ್ಲೇ ಅದಕ್ಕೆ ಓದು ಕಲಿಸಬೇಕೆ, ಲೆಕ್ಕ ಹೇಳಿಕೊಡಬೇಕೆ, ಎರಡು ಮೂರು ಭಾಷೆ ಬರಿಸಬೇಕೆ ಎಂಬ ಚಿಂತೆ ಎಳೆಯ ತಾಯ್ತಂದೆಯರನ್ನು ಕಾಡತೊಡಗುತ್ತದೆ. ಇದು ನಕ್ಕು ಮರೆಯುವ ಚಿಂತೆಯಲ್ಲ. ಹೊತ್ತು ಮೀರಿಹೋದೀತೆಂಬ ಭಯ ಅದರ ಹಿಂದಿದೆ. ಆ ಭಯವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರವೂ ಇದೆ. ಇದರಲ್ಲಿ ನಿಜವೆಷ್ಟು, ವ್ಯಾಪಾರವೆಷ್ಟು ಎಂದು ಬಿಡಿಸಿ ನೋಡುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಈ ವಿಚಾರಕ್ಕೊಂದು ಚರಿತ್ರೆಯಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಿದುಳಿಗೆ ಪೆಟ್ಟಾದ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಗ್ಲೆನ್ ಡೋಮನ್ ಎಂಬವರು, ಎಳೆಮಕ್ಕಳಿಗೆ ಓದು ಕಲಿಸುವುದು ಹೇಗೆಂಬ ಬಗ್ಗೆ 1964ರಲ್ಲಿ ಒಂದು ಪುಸ್ತಕ ಬರೆದರು. ದೊಡ್ಡ ಕೆಂಪು ಅಕ್ಷರದಲ್ಲಿ ಪದ ಬರೆದ ರಟ್ಟಿನ ಚೀಟಿಗಳನ್ನು ದಿನಕ್ಕೆ ಹಲವು ಬಾರಿ ಮಗುವಿನ ಮುಂದೆ ಸರಸರನೆ ಹಿಡಿಯುವುದು ಅವರ ಕ್ರಮ. ಲೆಕ್ಕಕ್ಕಾದರೆ ಕೆಂಪು ಚುಕ್ಕೆಗಳ ಚೀಟಿ. ಮಗು ಎಳೆಯದಾದಷ್ಟೂ ಕಲಿಕೆ ಸುಲಭ ಎಂಬುದು ಅವರ ವಾದ. ಇಂದು ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಫ್ಲ್ಯಾಶ್ ಕಾರ್ಡುಗಳನ್ನು ಕಂಡಾಗ ಈ ವಾದ ನೆನಪಾಗದಿರದು. ಮಕ್ಕಳ ಬೆಳವಣಿಗೆಯನ್ನು ಇನ್ನೂ ಬೇಗ ಮಾಡಿಸುವುದು ಹೇಗೆ ಎಂದು ಕೇಳಿದಾಗ, ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಅದನ್ನು ‘ಅಮೆರಿಕನ್ ಪ್ರಶ್ನೆ’ ಎಂದು ಕರೆಯುತ್ತಿದ್ದರು. ಈಗ ಅದು ನಮ್ಮ ಪ್ರಶ್ನೆಯೂ ಆಗಿದೆ.

ಡೋಮನ್‌ರ ಮಾತಿನಲ್ಲಿ ಒಂದಂಶ ನಿಜ. ಶಿಶು ನಾವು ತಿಳಿದದ್ದಕ್ಕಿಂತ ಜಾಣ. 1992ರಲ್ಲಿ ಕರೆನ್ ವಿನ್ ಎಂಬ ವಿಜ್ಞಾನಿ ಐದು ತಿಂಗಳ ಶಿಶುಗಳಿಗೆ ಒಂದು ಬೊಂಬೆ ತೋರಿಸಿ, ಅದಕ್ಕೆ ಪರದೆ ಅಡ್ಡಮಾಡಿ, ಅವು ನೋಡುತ್ತಿದ್ದಂತೆಯೇ ಇನ್ನೊಂದು ಬೊಂಬೆಯನ್ನು ಪರದೆಯ ಹಿಂದಿಟ್ಟರು. ಪರದೆ ಸರಿಸಿದಾಗ ಎರಡರ ಬದಲು ಒಂದೇ ಬೊಂಬೆ ಇದ್ದರೆ ಶಿಶುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಚಿಕ್ಕ ಎಣಿಕೆಯ ಸುಳಿವು ಅವುಗಳಿಗಿತ್ತು.

ಇನ್ನೊಂದು ಪ್ರಯೋಗ ನಮ್ಮ ಮನೆಬಾಗಿಲಿಗೇ ಬರುತ್ತದೆ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಲಾಯಿತು. ನಮ್ಮ ‘ತಟ್ಟೆ’ ಎಂಬ ಒಂದೇ ಮಾತಿನಲ್ಲಿ ಇವೆರಡೂ ಇವೆ. ಆರೆಂಟು ತಿಂಗಳ ಶಿಶುಗಳು ಭೇದವನ್ನು ಸುಲಭವಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವುಗಳಿಗೆ ಅದು ಸಾಧ್ಯವಾಗಲಿಲ್ಲ. ಸುತ್ತ ಕೇಳಿಬರುವ ಭಾಷೆಗೆ ಕಿವಿ ಹದಗೊಳ್ಳುತ್ತದೆ. ಕೇಳದ ಭೇದಗಳನ್ನು ಕೈಬಿಡುತ್ತದೆ.

ಹಾಗಾದರೆ ಪರಭಾಷೆಯ ವಿಡಿಯೋ ಹಚ್ಚಿಟ್ಟರಾಯಿತಲ್ಲ ಎನ್ನಬಹುದು. ಅದನ್ನೂ ಪರೀಕ್ಷಿಸಿದ್ದಾರೆ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ 12 ಬಾರಿ ಚೀನೀ ಭಾಷೆ ಕೇಳಿಸಿದರು. ಎದುರಿಗೆ ಕುಳಿತು ಆಟವಾಡಿಸುತ್ತ ಮಾತನಾಡಿಸಿದಾಗ ಶಿಶುಗಳು ಆ ಧ್ವನಿಗಳನ್ನು ಕಲಿತವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಭಾಷೆ ಕಿವಿಯಿಂದಷ್ಟೇ ಬರುವುದಲ್ಲ, ಮುಖ ನೋಡಿ ಬರುವುದು.

ಇನ್ನು ಓದಿನ ಮಾತು. ಮಾತಾಡುವುದು ಮಗುವಿಗೆ ಸಹಜವಾಗಿ ಒಲಿಯುತ್ತದೆ. ಬರಹ ಮನುಷ್ಯ ಈಚೆಗೆ, ಸುಮಾರು ಐದು ಸಾವಿರ ವರ್ಷಗಳ ಹಿಂದೆ ಕಂಡುಕೊಂಡದ್ದು. ಅದನ್ನು ಕಲಿಸಿಯೇ ಕಲಿಯಬೇಕು. ‘ಯುವರ್ ಬೇಬಿ ಕ್ಯಾನ್ ರೀಡ್’ ಎಂಬ ಡಿವಿಡಿ-ಚೀಟಿಗಳ ಕಟ್ಟನ್ನು ಮಾರುತ್ತಿದ್ದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ ಸುಳ್ಳು ಜಾಹೀರಾತಿನ ಆರೋಪ ಹೊರಿಸಿತು. 2014ರಲ್ಲಿ ಸೂಸನ್ ನ್ಯೂಮನ್ ಮತ್ತು ಸಂಗಡಿಗರು ಇಂಥದೇ ಸಾಮಗ್ರಿಯನ್ನು 117 ಶಿಶುಗಳ ಮೇಲೆ ಏಳು ತಿಂಗಳು ಪರೀಕ್ಷಿಸಿದರು. 14 ಅಳತೆಗಳಲ್ಲಿ 13ರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಕಂಡ ಒಂದು ವ್ಯತ್ಯಾಸ ಯಾವುದು ಗೊತ್ತೆ? ತಮ್ಮ ಮಗು ಕಲಿಯುತ್ತಿದೆ ಎಂಬ ತಾಯ್ತಂದೆಯರ ನಂಬಿಕೆ!

ನಮ್ಮ ಕನ್ನಡದ ಸಂಗತಿ ಮತ್ತೂ ಬೇರೆ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳು. ಕನ್ನಡ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಕಲಿಕೆ ಮೂರು ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂದು ತೋರಿಸಿತು. ಇಷ್ಟು ದೀರ್ಘ ಪಯಣದಲ್ಲಿ ಒಂದು ವರ್ಷ ಮೊದಲೇ ಹೊರಡುವುದಕ್ಕಿಂತ ಬುತ್ತಿ ಕಟ್ಟಿಕೊಂಡು ಹೊರಡುವುದು ಮುಖ್ಯ. ಮಾತೇ ಆ ಬುತ್ತಿ. ‘ಒನಕೆ’ ಎಂಬ ಪದ ಬಲ್ಲ ಮಗು ಅಕ್ಷರ ಕೂಡಿಸಿ ಓದಿದಾಗ ಪರಿಚಿತರನ್ನು ಕಂಡಂತೆ ಹಿಗ್ಗುತ್ತದೆ. ಅರಿಯದ ಮಗುವಿಗೆ ಅದು ಬರಿಯ ಸದ್ದು. ನಮ್ಮ ಹಿರಿಯರು ವಿಜಯದಶಮಿಯಂದು ಕೊಲ್ಲೂರಿನಲ್ಲೋ ಮನೆಯಲ್ಲೋ ಅಕ್ಕಿಯ ಮೇಲೆ ಅಕ್ಷರ ತೀಡಿಸುತ್ತಿದ್ದರು. ಅದು ಒಂದು ದಿನದ ಮಂಗಳಕಾರ್ಯ, ದಿನನಿತ್ಯದ ಕವಾಯತಲ್ಲ.

ಲೆಕ್ಕವೂ ಹೀಗೆಯೇ. ಎರಡೂವರೆ ವರ್ಷದ ಮಗು ಹತ್ತರವರೆಗೆ ಗಿಳಿಪಾಠ ಒಪ್ಪಿಸೀತು. ‘ಮೂರು ಬಾದಾಮಿ ಕೊಡು ಪುಟ್ಟಾ’ ಎಂದರೆ ಹಿಡಿ ತುಂಬ ಎತ್ತಿಕೊಡುತ್ತದೆ. ಒಂದು, ಎರಡು, ಮೂರು ಎಂಬುದರ ಅರ್ಥ ತಿಂಗಳುಗಟ್ಟಲೆಯ ಅಂತರದಲ್ಲಿ ಒಂದೊಂದಾಗಿ ಅದಕ್ಕೆ ಹೊಳೆಯಬೇಕು. ಮೆಟ್ಟಿಲು ಹತ್ತುತ್ತ ಎಣಿಸಿ. ಊಟಕ್ಕೆ ತಟ್ಟೆ ಹಾಕಿಸಿ. ಕಾಳು, ಕವಡೆ ಬಾಯಿಗೆ ಹಾಕುವ ವಯಸ್ಸು ದಾಟಿದ ಮೇಲೆ ಚೌಕಾಬಾರ, ಅಳಗುಳಿಮಣೆ ಇದ್ದೇ ಇವೆ.

ನನ್ನ ನಿಜವಾದ ಆತಂಕ ಬೇರೆ. ಮಗುವಿಗೆ ಇಂಗ್ಲಿಷ್ ಬರಲೆಂದು ಎಷ್ಟೋ ಮನೆಗಳಲ್ಲಿ ಕನ್ನಡವನ್ನು, ತುಳುವನ್ನು, ಕೊಂಕಣಿಯನ್ನು ಬಾಗಿಲ ಹೊರಗಿಡುತ್ತಿದ್ದಾರೆ. ತಮಗೇ ಸಲೀಸಾಗಿ ಬಾರದ ಭಾಷೆಯಲ್ಲಿ ‘ಕಮ್’, ‘ಈಟ್’, ‘ಡೋಂಟ್ ಟಚ್’ ಎಂಬ ಹತ್ತಾರು ಅಪ್ಪಣೆಗಳಿಗೆ ಮಾತು ಕುಗ್ಗುತ್ತದೆ. ಕಥೆ ಹೇಳಬಲ್ಲ ಅಜ್ಜಿ ಮೂಲೆಯಲ್ಲಿ ಮೌನವಾಗುತ್ತಾಳೆ. ಎರಡು ಭಾಷೆ ಕೇಳಿದರೆ ಮಗು ಗೊಂದಲಗೊಳ್ಳುವುದಿಲ್ಲ. ಬೆರೆಸಿ ಮಾತಾಡಿದರೂ ಅದು ದೋಷವಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಆಡಲಿ, ಬೇಡವೆನ್ನುವುದಿಲ್ಲ. ಆದರೆ ಮನೆಮಾತನ್ನು ತೆತ್ತು ಕೊಳ್ಳುವ ಇಂಗ್ಲಿಷ್ ದುಬಾರಿ.

ಕೊನೆಯದಾಗಿ ಒಂದು ಸೂಚನೆ. ಸದ್ದಿಗೆ ತಿರುಗದ, ವರ್ಷ ತುಂಬುತ್ತ ಬಂದರೂ ತೊದಲದ ಮಗುವಿಗೆ ಚೀಟಿ ತೋರಿಸುತ್ತ ಕೂರಬೇಡಿ. ತಡಮಾಡದೆ ವೈದ್ಯರಲ್ಲಿ ಕಿವಿ ಪರೀಕ್ಷೆ ಮಾಡಿಸಿ. ಉಳಿದವರು ಸ್ನಾನದ ಹೊತ್ತಿನಲ್ಲಿ, ಉಣಿಸುವಾಗ, ಬಸ್ಸಿಗೆ ಕಾಯುವಾಗ ಮಗುವಿನ ಮುಖ ನೋಡಿ ಮಾತಾಡಿ. ಅದು ‘ಆ’ ಎಂದರೆ ಮರುಮಾತು ಕೊಡಿ. ದುಡಿದು ದಣಿದು ಬಂದವರಿಗೂ ಇಷ್ಟು ಸಾಧ್ಯ, ಇದಕ್ಕೆ ಖರ್ಚೂ ಇಲ್ಲ.