ರೋಗಿಯ ಅಂಕ, ರೋಗಿಯ ಭಾಷೆ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬದ ಸಭೆಯಲ್ಲಿ ಸಾವಿನ ಲೆಕ್ಕವೇಕೆ ಎಂದು ತಾವು ಕೇಳಬಹುದು. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಮನೆಗಳಿಗೆ ಈ ಲೆಕ್ಕದಲ್ಲಿ ಒಂದು ವಿಶೇಷ ತೊಡಕುಂಟು. ಅದನ್ನು ಅರಿಕೆ ಮಾಡಲೆಂದೇ ನಾವು, ಸಂಘದ ವೈದ್ಯ ಸದಸ್ಯರು, ಈ ವಿಷಯವನ್ನು ಆರಿಸಿಕೊಂಡೆವು.

ಕೋವಿಡ್ಡಿನಂಥ ವೈರಸ್ ರೋಗ ಶ್ವಾಸಕೋಶಕ್ಕೆ ಇಳಿದು ರೋಗಿ ಆಸ್ಪತ್ರೆ ಸೇರಿದಾಗ ಮನೆಯವರು ಕೇಳುವುದು ಒಂದೇ ಮಾತು: "ಡಾಕ್ಟರೆ, ಉಳಿಯುತ್ತಾರೆಯೆ?" ಮೊದಲೆಲ್ಲ ವೈದ್ಯನು ತನ್ನ ಅನುಭವದ ಮೇಲೆ ಉತ್ತರ ಕೊಡುತ್ತಿದ್ದ, ತೋಚದಿದ್ದರೆ ಆಕಾಶದ ಕಡೆ ಕೈ ತೋರಿಸುತ್ತಿದ್ದ. ೨೦೨೦ರಲ್ಲಿ ಬ್ರಿಟನ್ನಿನ ವೈದ್ಯರು ಕೋವಿಡ್ ರೋಗಿಗಳಿಗಾಗಿ ಒಂದು ಅಂಕಪಟ್ಟಿಯನ್ನು ಸಿದ್ಧಪಡಿಸಿದರು. ೩೫,೪೬೩ ರೋಗಿಗಳ ದಾಖಲೆಗಳಿಂದ ಅದನ್ನು ಕಟ್ಟಿ, ಬೇರೆ ೨೨,೩೬೧ ಮಂದಿಯ ಮೇಲೆ ಒರೆಗೆ ಹಚ್ಚಿದರು. ೪ಸಿ ಮರಣಾಂಕವೆಂದು ಅದನ್ನು ಕರೆಯಬಹುದು. ನೋಡುವುದು ಎಂಟೇ ಸಂಗತಿ: ವಯಸ್ಸು, ಗಂಡೋ ಹೆಣ್ಣೋ, ಹಳೆಯ ಕಾಯಿಲೆಗಳೆಷ್ಟು, ನಿಮಿಷಕ್ಕೆ ಉಸಿರೆಷ್ಟು, ರಕ್ತದಲ್ಲಿ ಆಮ್ಲಜನಕವೆಷ್ಟು, ಪ್ರಜ್ಞೆ ಹೇಗಿದೆ, ರಕ್ತದ ಯೂರಿಯಾ, ಮತ್ತು ಉರಿಯೂತವನ್ನು ತೋರಿಸುವ ಸಿಆರ್‌ಪಿ. ಸೊನ್ನೆಯಿಂದ ೨೧ರ ವರೆಗೆ ಅಂಕ. ಮೂರರೊಳಗಿದ್ದವರಲ್ಲಿ ನೂರಕ್ಕೆ ಒಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ೧೫ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ ಅರವತ್ತೆರಡು ಮಂದಿ.

ಯಾರನ್ನು ಬೇಗ ಮನೆಗೆ ಕಳಿಸಬಹುದು, ಯಾರ ಹಾಸಿಗೆಯ ಬಳಿ ಕಣ್ಣಿಟ್ಟಿರಬೇಕು ಎಂದು ತಿಳಿಯಲು ಇದು ಒಳ್ಳೆಯ ಉಪಕರಣ. ಇದನ್ನು ನಾವು ಹಳಿಯುವುದಿಲ್ಲ. ಆದರೆ ಎಂಟರಲ್ಲಿ ಏಳನ್ನು ಯಂತ್ರದಿಂದಲೋ ಕಾಗದದಿಂದಲೋ ಕಣ್ಣಿನಿಂದಲೋ ತಿಳಿಯಬಹುದು. ಪ್ರಜ್ಞೆಯನ್ನು ಅಳೆಯಲು ಮಾತ್ರ ರೋಗಿಯನ್ನು ಮಾತನಾಡಿಸಬೇಕು. ನಿಮ್ಮ ಹೆಸರೇನು, ಇದು ಯಾವ ಊರು, ಯಾವ ತಿಂಗಳು? ಯಾವ ಭಾಷೆಯಲ್ಲಿ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

೨೦೨೧ರ ಮಳೆಗಾಲದಲ್ಲಿ ಈ ನಗರದ ಒಂದು ಆಸ್ಪತ್ರೆಯಲ್ಲಿ ಧಾರವಾಡದ ಕಡೆಯ ಒಬ್ಬ ತಾಯಿ ಮಲಗಿದ್ದರು. ವಯಸ್ಸು ೭೨, ಸಕ್ಕರೆ ಕಾಯಿಲೆ. ಮಗನ ಮನೆಗೆ ಬಂದು ಮೂರು ತಿಂಗಳಾಗಿತ್ತು. ವಾರ್ಡಿನೊಳಗೆ ಮನೆಯವರಿಗೆ ಪ್ರವೇಶವಿರಲಿಲ್ಲ. ತರುಣ ವೈದ್ಯರು ಹಿಂದಿಯಲ್ಲಿ ಕೇಳಿದ್ದಕ್ಕೆಲ್ಲ ಆಕೆ ಸುಮ್ಮನೆ ನೋಡಿದರು; ದಾಖಲೆಯಲ್ಲಿ "ಗೊಂದಲ" ಎಂದಾಯಿತು. ಸೊಸೆ ಗಾಬರಿಯಾಗಿ ನಮಗೆ ತಿಳಿಸಿದಳು. ನರ್ಸಮ್ಮನ ಕೈಕಾಲು ಹಿಡಿದು ಫೋನನ್ನು ಅತ್ತೆಯ ಕಿವಿಗೆ ಇಡಿಸಿದೆವು.

"ಅತ್ತೀ, ಈಗ ಯಾವ ತಿಂಗಳರೀ?"

"ಶ್ರಾವಣ. ಸೋಮವಾರದ ಉಪವಾಸ ತಪ್ಪಿತಲ್ಲವ್ವಾ ನಂದು!"

ಆಗಸ್ಟ್ ಎಂಬ ಉತ್ತರವನ್ನು ಕಾಯುವವನಿಗೆ ಇದೂ ತಪ್ಪು ಉತ್ತರವೇ ಆಗಬಹುದಿತ್ತು.

ಈಗ ಲೆಕ್ಕ ನೋಡಿ. ವಯಸ್ಸಿಗೆ ಆರು, ಸಕ್ಕರೆಗೆ ಒಂದು, ನಿಮಿಷಕ್ಕೆ ೨೨ ಉಸಿರಿಗೆ ಒಂದು, ಉಳಿದವೆಲ್ಲ ಸೊನ್ನೆ. ಒಟ್ಟು ಎಂಟು. ಆ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ ಹತ್ತು. "ಗೊಂದಲ"ಕ್ಕೆ ಎರಡಂಕ ಸೇರಿಸಿದರೆ ಹತ್ತು. ಅದು ಮೇಲಿನ ಗುಂಪು, ನೂರಕ್ಕೆ ಮೂವತ್ತೊಂದು. ಕನ್ನಡ ಬಾರದವನು ಪ್ರಶ್ನೆ ಕೇಳಿದ್ದಕ್ಕೆ ತಾಯಿಯ ಅಪಾಯ ಕಾಗದದ ಮೇಲೆ ಮೂರು ಪಟ್ಟು!

ಇನ್ನೂ ಒಂದು ಮಾತು. ಈ ಅಂಕಿಗಳು ೨೦೨೦ರ ಫೆಬ್ರವರಿಯಿಂದ ಜೂನ್ ಕೊನೆಯ ವರೆಗಿನ ಬ್ರಿಟನ್ನಿನವು. ಲಸಿಕೆ ಇನ್ನೂ ಬಂದಿರಲಿಲ್ಲ. ಡೆಕ್ಸಾಮೆಥಸೋನ್ ಪ್ರಾಣ ಉಳಿಸುವುದೆಂದು ತಿಳಿದದ್ದೇ ಆ ಜೂನ್ ೧೬ರಂದು. ಆಗ ಸೇರಿದವರಲ್ಲಿ ಮೂರರಲ್ಲಿ ಒಬ್ಬರಂತೆ ತೀರಿಕೊಂಡಿದ್ದರು. ಆದುದರಿಂದ ಇಂದಿನ ರೋಗಿಗೆ ಅದೇ ಪ್ರಮಾಣವನ್ನು ಓದಿ ಹೇಳಿದರೆ ಒಪ್ಪಬೇಡಿ. ಅದೂ ಅಲ್ಲದೆ, ನೂರರಲ್ಲಿ ಹತ್ತು ಎಂದರೆ ಆ ಹತ್ತರಲ್ಲಿ ನಿಮ್ಮ ತಾಯಿ ಇದ್ದಾರೋ ಇಲ್ಲವೋ ಎಂಬುದನ್ನು ಯಾವ ಪಟ್ಟಿಯೂ ಬಲ್ಲುದಲ್ಲ.

ಆ ತಾಯಿ ಹನ್ನೊಂದನೆಯ ದಿನ ಮನೆಗೆ ಮರಳಿದರು.

ಮನೆಯಲ್ಲಿ ಹಿರಿಯರಿದ್ದರೆ ಒಂದು ಚೀಟಿ ಬರೆದಿಡಿ: ಇವರಿಗೆ ಬರುವುದು ಕನ್ನಡ ಮಾತ್ರ, ಕಿವಿ ಮಂದವೋ ಹೇಗೆ, ಮನೆಯಲ್ಲಿದ್ದಾಗ ನೆನಪು ಸರಿಯಿತ್ತೆ, ಯಾವ ಕಾಯಿಲೆ, ಯಾವ ಔಷಧ, ಪ್ರಶ್ನೆ ಕೇಳುವ ಮುನ್ನ ಈ ನಂಬರಿಗೆ ಫೋನ್ ಮಾಡಿ. ವಯಸ್ಸನ್ನೂ ವಿಚಾರಿಸಿ ಬರೆಯಿರಿ. ಬರಗಾಲದಿಂದ ಎಣಿಸಿದ ವಯಸ್ಸು ನಮ್ಮಲ್ಲಿ ಬಹಳ, ಮತ್ತು ೬೯ ಹೋಗಿ ೭೦ ಆದರೆ ಎರಡಂಕ ಹೆಚ್ಚು. ಚೀಟಿ ಮಾತ್ರ ಕನ್ನಡದಲ್ಲಿ ಬೇಡ; ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರಲಿ. ರಾಜ್ಯೋತ್ಸವದ ವೇದಿಕೆಯಿಂದ ಹೀಗೆ ಹೇಳಬೇಕಾಯಿತೆಂದು ಸಂಘದ ಹಿರಿಯರು ಮುನಿಯಬಾರದು.